ಜಂಗಿನ ನಾದ, ಹಾಡಿನ ಗುಂಗು



ಇಂಗ್ಲಿಷ್ ಭಾಷೆಯಲ್ಲಿ ‘ಜಿಂಗಲ್’ ಎಂಬ ಪುಟ್ಟ ಪದವೊಂದಿದೆ. ಬೀಗದ ಕೈಗಳ ಗೊಂಚಲು ಅಲುಗಿದಾಗ, ಕಿಸೆಯಲ್ಲಿ ನಾಣ್ಯಗಳು ಒಂದಕ್ಕೊಂದು ತಾಗಿದಾಗ, ಕುದುರೆಯ ಕಡಿವಾಣಕ್ಕೆ ಕಟ್ಟಿದ ಕಿರುಗಂಟೆಗಳು ಕುಲುಕಿದಾಗ ಹೊರಡುವ ಸದ್ದಿಗೆ ಆ ಹೆಸರು. ಸಾಬೂನನ್ನೋ ಹಲ್ಲುಪುಡಿಯನ್ನೋ ಮಾರುವುದಕ್ಕಾಗಿ ರೇಡಿಯೋ, ದೂರದರ್ಶನಗಳಲ್ಲಿ ಹಾಡುವ, ಒಮ್ಮೆ ಕಿವಿಗೆ ಬಿದ್ದರೆ ಬಾಯಿಗೆ ಅಂಟಿಕೊಂಡುಬಿಡುವ ಹಾಡಿನ ತುಣುಕಿಗೂ ಅದೇ ಹೆಸರು. ಲೋಹದ ಕಿಣಿಕಿಣಿಗೂ ನಾಲಿಗೆಯನ್ನು ಬಿಡದ ಹಾಡಿಗೂ ಒಂದೇ ಪದ ಹೇಗೆ ಬಂದಿತು, ನಮ್ಮ ಕನ್ನಡದಲ್ಲಿ ಇವೆರಡನ್ನೂ ಹಿಡಿಯುವ ಪದ ಯಾವುದು ಎಂಬ ವಿಚಾರವು ಬಹುದಿನಗಳಿಂದ ನನ್ನನ್ನು ಕಾಡುತ್ತಿದೆ. ವಚನ ಚಿಂತನೆಯ ನಡುವೆ ಜಾಹೀರಾತಿನ ಮಾತೇಕೆ ಎಂದು ತಾವು ಬೇಸರಿಸಬಾರದು. ನಾದವು ಅರ್ಥಕ್ಕಿಂತ ಮೊದಲು ಮನುಷ್ಯನ ಒಳಹೊಗುತ್ತದೆ. ನಮ್ಮಲ್ಲಿ ಬಹುಮಂದಿಗೆ ವಚನಗಳು ದೊರೆತುದು ಪುಸ್ತಕದಿಂದಲ್ಲ, ತಾಯಿಯ ಅಥವಾ ಅಜ್ಜಿಯ ಬಾಯಿಂದ. ಅದೂ ಅರ್ಥ ತಿಳಿಯದ ವಯಸ್ಸಿನಲ್ಲಿ.

ಈ ಪದ ಇಂಗ್ಲಿಷಿನಲ್ಲಿ ಬಹಳ ಹಳೆಯದು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರ್ ಕವಿಯು ರಚಿಸಿದ ‘ಕ್ಯಾಂಟರ್‌ಬರಿ ಟೇಲ್ಸ್’ ಕೃತಿಯ ಪೀಠಿಕೆಯಲ್ಲಿ, ಯಾತ್ರೆಗೆ ಹೊರಟವರ ಗುಂಪಿನಲ್ಲಿ ಒಬ್ಬ ಸನ್ಯಾಸಿ ಬರುತ್ತಾನೆ. ಅವನಿಗೆ ಬೇಟೆ ಪ್ರಿಯ, ಪುಷ್ಟವಾದ ಊಟ ಪ್ರಿಯ, ಲಾಯದ ತುಂಬ ಒಳ್ಳೆಯ ಕುದುರೆಗಳು. ಮಠದ ಕಟ್ಟಳೆಗಳೆಲ್ಲ ಅವನ ಪಾಲಿಗೆ ಹಳೆಯ ಕಾಲದ ಮಾತು. ಅವನು ಸವಾರಿ ಹೊರಟರೆ ಕಡಿವಾಣದ ಗಂಟೆಗಳು ಗಾಳಿಯಲ್ಲಿ ಪ್ರಾರ್ಥನಾಮಂದಿರದ ಗಂಟೆಯಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿದ್ದವಂತೆ. ಆ ನಾದಕ್ಕೆ ಕವಿ ಬಳಸಿದ್ದು ಇದೇ ಪದದ ಹಳೆಯ ರೂಪವನ್ನು. ಮಂದಿರದ ಗಂಟೆಯನ್ನೂ ಕುದುರೆಯ ಗಂಟೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾಗುವ ಆ ವಿಡಂಬನೆಯ ರೀತಿ ನನಗೆ ಬಹಳ ಹಿಡಿಸಿತು. ನಮ್ಮ ಅಲ್ಲಮಪ್ರಭುಗಳ ಕಣ್ಣಿಗೆ ಅಂತಹವನು ಬಿದ್ದಿದ್ದರೆ ಅವನ ಕುದುರೆ ಅಲ್ಲಿಯೇ ನಿಲ್ಲುತ್ತಿತ್ತು ಎಂದು ತೋರುತ್ತದೆ.

ಗಂಟೆಯಿಂದ ಈ ಪದವು ಪದ್ಯಕ್ಕೆ ಬಂದಿತು. ಬರುವಾಗ ಕೊಂಚ ತಿರಸ್ಕಾರವನ್ನೂ ಹೊತ್ತು ತಂದಿತು. ಅರ್ಥ ಕಡಿಮೆ, ಸದ್ದು ಹೆಚ್ಚು ಎನ್ನುವಂತಹ ಪ್ರಾಸದ ಸಾಲುಗಳನ್ನು ಹೀಗೆ ಕರೆಯತೊಡಗಿದರು. ಮಿಲ್ಟನ್ ಕವಿಯು 1667ರಲ್ಲಿ ಪ್ರಕಟವಾದ ತನ್ನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯಕ್ಕೆ ಅನಂತರ ಸೇರಿಸಿದ ಟಿಪ್ಪಣಿಯಲ್ಲಿ, ತಾನು ಅಂತ್ಯಪ್ರಾಸವನ್ನು ಬಿಟ್ಟುದು ಏಕೆಂದು ವಿವರಿಸುತ್ತ ಪ್ರಾಸದ ಸದ್ದನ್ನು ಇದೇ ಪದದಿಂದ ಹೀಗಳೆದಿದ್ದಾನೆ. ಇದನ್ನು ಓದಿದ ಕನ್ನಡಿಗನಿಗೆ ಎರಡು ಸಂಗತಿಗಳು ನೆನಪಾಗದೆ ಇರವು. ಮೊದಲನೆಯದು, 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟುದು. ಅದಕ್ಕಾಗಿ ಅವರು ಕೇಳಬೇಕಾಗಿ ಬಂದ ಮಾತುಗಳು. ಎರಡನೆಯದು, ಅವರಿಗಿಂತ ಎಷ್ಟೋ ಶತಮಾನಗಳ ಮೊದಲು, ಹನ್ನೆರಡನೆಯ ಶತಮಾನದಲ್ಲಿಯೇ, ಯಾವ ಗದ್ದಲವನ್ನೂ ಮಾಡದೆ ಬಸವಾದಿ ಶರಣರು ಪ್ರಾಸದ ಕಟ್ಟನ್ನು ಕಳಚಿ ಇಟ್ಟುದು. ಛಂದಸ್ಸು ಸಂಗೀತಗಳ ಶಾಸ್ತ್ರ ತಮಗೆ ತಿಳಿಯದು, ಪ್ರೀತಿ ಹುಟ್ಟಿದ ಹಾಗೆ ಹಾಡಿಕೊಳ್ಳುವೆವೆಂಬ ಭಾವವನ್ನು ಬಸವಣ್ಣನವರು ವಚನವೊಂದರಲ್ಲಿ ತೋಡಿಕೊಂಡಿದ್ದಾರೆ. ಆದರೆ ಪ್ರಾಸವನ್ನು ಬಿಟ್ಟವರು ನಾದವನ್ನು ಬಿಡಲಿಲ್ಲ. ತಮ್ಮ ಮೈಯನ್ನೇ ವಾದ್ಯವಾಗಿಸಿ ನುಡಿಸೆಂದು ದೇವರನ್ನು ಬೇಡಿದವರೂ ಅದೇ ಬಸವಣ್ಣನವರು.

ಹಾಡಿ ಮಾರುವ ಪದ್ಧತಿಯ ಚರಿತ್ರೆಯನ್ನು ಇಲ್ಲಿ ಬೆಳೆಸುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್ ನಗರದ ರೇಡಿಯೋ ನಿಲಯದಿಂದ 1926ರ ಕ್ರಿಸ್‌ಮಸ್ ಹಿಂದಿನ ರಾತ್ರಿ ‘ವೀಟೀಸ್’ ಎಂಬ ಗೋಧಿಯ ತಿನಿಸನ್ನು ಹೊಗಳಿ ನಾಲ್ವರು ಹಾಡಿದುದೇ ಈ ಬಗೆಯ ಮೊದಲ ಹಾಡೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ದೇಶದಲ್ಲಿ 1957ರಲ್ಲಿ ಆರಂಭವಾದ ವಿವಿಧ ಭಾರತಿಯಲ್ಲಿ ಜಾಹೀರಾತು ಪ್ರಸಾರ ತೊಡಗಿದ್ದು 1967ರ ನವೆಂಬರಿನಲ್ಲಿ. ದೂರದರ್ಶನದಲ್ಲಿ 1976ರ ಆರಂಭದಲ್ಲಿ. ಅದಕ್ಕೂ ಮೊದಲು ಜಾಹೀರಾತುಗಳನ್ನು ಕೇಳಬೇಕಾದವರು ರೇಡಿಯೋ ಸಿಲೋನಿನ ಕಡೆಗೆ ಮುಳ್ಳು ತಿರುಗಿಸುತ್ತಿದ್ದರು. ನಮ್ಮೂರಿನ ಮನೆಗಳಲ್ಲಿ ರೇಡಿಯೋ ಎಂದರೆ ಮೊದಲಿಗೆ ಮಾತಲ್ಲ, ಹಾಡೂ ಅಲ್ಲ. ಬೆಳಗಿನ ಜಾವ ಪ್ರಸಾರಕ್ಕೆ ಮುಂಚೆ ಬರುವ ಆಕಾಶವಾಣಿಯ ಆ ಧಾಟಿ. ಯೂರೋಪಿನಿಂದ ಆಶ್ರಯ ಅರಸಿ ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು ಅದನ್ನು 1930ರ ದಶಕದಲ್ಲಿ ರಚಿಸಿದರು. ಶಿವರಂಜನಿ ರಾಗದ ನೆರಳು ಅದರಲ್ಲಿದೆಯೆಂದು ಬಲ್ಲವರು ಹೇಳುತ್ತಾರೆ. ಅದು ಯಾವುದನ್ನೂ ಮಾರುತ್ತಿರಲಿಲ್ಲ. ಬೆಳಗಾಯಿತು ಎನ್ನುತ್ತಿತ್ತು, ಅಷ್ಟೆ. ಆ ಧಾಟಿ ಕೇಳಿದೊಡನೆ ನಮ್ಮ ತಾಯಿ ಒಲೆಯ ಬೂದಿ ತೆಗೆಯಲು ಕೂಡುತ್ತಿದ್ದರು.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಸದ್ದನ್ನು ಹಾಗೆಯೇ ಹಿಡಿದಿಟ್ಟ ಪದಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯಗಳೆನ್ನುತ್ತಾರೆ. ಈ ವಿಷಯದಲ್ಲಿ ಕನ್ನಡದ ಸಿರಿವಂತಿಕೆಯನ್ನು ಹೇಳಿ ತೀರದು. ಗಣಗಣ ಎಂದರೆ ದೊಡ್ಡ ಗಂಟೆ, ಕಿಣಿಕಿಣಿ ಎಂದರೆ ಕಿರಿಯದು. ಝಲ್ಲೆಂದರೆ ಗೆಜ್ಜೆ, ಠಣ್ಣೆಂದರೆ ಕಂಚಿನ ತಾಟು, ಝಣಝಣ ಎಂದರೆ ಹಣ. ಬೇಂದ್ರೆಯವರು ಕುರುಡು ಕಾಂಚಾಣವನ್ನು ಕುಣಿಸಿದಾಗ ಅದರ ಕಾಲಿಗೆ ಕಿರುಗೆಜ್ಜೆಯನ್ನು ಕಟ್ಟುವುದನ್ನು ಮರೆಯಲಿಲ್ಲ; ಆ ಗೆಜ್ಜೆ ಯಾರ ಎಲುಬಿನಿಂದ ಆದುದೆಂಬುದನ್ನೂ ಹೇಳದೆ ಬಿಡಲಿಲ್ಲ. ಎತ್ತಿನ ಕೊರಳಿಗೆ ಗೆಜ್ಜೆಸರ, ಕೂಸಿನ ಕಾಲಿಗೆ ಕಾಲ್ಗೆಜ್ಜೆ, ತುಳುನಾಡಿನ ದೈವಕ್ಕೆ ಗಗ್ಗರ. ಬುಡಬುಡಿಕೆಯವರಿಗಂತೂ ಅವರ ಕೈವಾದ್ಯದ ಸದ್ದೇ ಹೆಸರಾಗಿ ನಿಂತಿದೆ. ಇಷ್ಟೆಲ್ಲ ಪದಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ‘ಜಂಗು’ ಎಂಬಲ್ಲಿ.

ಜಂಗು ಎಂದರೆ ಭಿಕ್ಷೆಗೆ ಹೊರಡುವ ಜಂಗಮರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಗಂಟೆಗಳ ಸರ. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಬೆತ್ತ, ಕಾಲಲ್ಲಿ ಜಂಗು; ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಜಂಗು ಕಟ್ಟಿದವನು ಜಂಗಮ ಎಂದು ಕೆಲವರು ಅರ್ಥ ಹೇಳುವುದುಂಟು. ಅದು ಸರಿಯಲ್ಲ. ಜಂಗಮ ಎಂಬುದು ಸಂಸ್ಕೃತದ ಪದ. ಚಲಿಸುವುದು ಎಂದು ಅದರ ಅರ್ಥ. ಜಂಗು ಬರಿಯ ಸದ್ದಿನ ಮಗು. ಆದರೂ ಇವೆರಡೂ ಒಂದೆಡೆ ಸೇರಿದುದರಲ್ಲಿ ಒಂದು ಸೊಗಸಿದೆ. ಗುಡಿಯ ಗಂಟೆ ತೂಗಿಕೊಂಡಿರುತ್ತದೆ; ಬಂದವರು ಬಾರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಂಗಿಗೆ ಬಾರಿಸುವವರು ಬೇಕಿಲ್ಲ, ನಡೆಯುವವರು ಬೇಕು. ಕಾಲು ನಿಂತರೆ ನಾದ ನಿಂತಿತು. ಸ್ಥಾವರ ಜಂಗಮಗಳ ಭೇದವನ್ನು ಶಾಲೆಯಲ್ಲಿ ವಿವರಿಸಿದಾಗ ನನಗೆ ಪೂರ್ತಿ ತಿಳಿದಿರಲಿಲ್ಲ. ಓಣಿಯ ತಿರುವಿನಲ್ಲಿ ಕೇಳಿಸಿ, ಒಂದೊಂದು ಮನೆಯ ಮುಂದೆ ತಡೆದು, ಮತ್ತೆ ಮುಂದಕ್ಕೆ ಹೋಗುವ ಆ ಸದ್ದು ಅದನ್ನು ತಿಳಿಸಿಕೊಟ್ಟಿತು. ಅದೂ ಒಂದು ಬಗೆಯ ಸಾರುವಿಕೆಯೇ ಹೌದು, ಬಂದಿದ್ದೇವೆ ಎಂಬ ಜಾಹೀರಾತೇ ಹೌದು. ಕೊಳ್ಳಿರಿ ಎನ್ನುವುದಿಲ್ಲ, ನೀಡಿರಿ ಎನ್ನುತ್ತದೆ.

ಕರೆಗಂಟೆಯ ವಿಚಾರ ಬಂದುದರಿಂದ ಇನ್ನೊಂದು ಪದವನ್ನೂ ನೋಡಬೇಕು. ದೂರವಾಣಿ ‘ರಿಂಗಣಿಸಿತು’ ಎಂದು ನಾವೆಲ್ಲರೂ ಬರೆಯುತ್ತೇವೆ. ರಿಂಗಣ ಎಂಬುದು ಹಳೆಯ ಕನ್ನಡದಲ್ಲಿ ಸದ್ದಿಗೆ ಸಲ್ಲುವ ಮಾತಾಗಿರಲಿಲ್ಲ. ಅದು ಕುಣಿತದ ಮಾತು, ಸುತ್ತಿ ಸುತ್ತಿ ಕುಣಿಯುವ ಕುಣಿತದ್ದು. ಇಂಗ್ಲಿಷಿನ ‘ರಿಂಗ್’ ಕಿವಿಯಲ್ಲಿ ಮೊಳಗಿದ ಮೇಲೆ ಕುಣಿಯುತ್ತಿದ್ದ ಪದವು ಗಂಟೆಯಾಗಿ ನಿಂತಿತು. ತಪ್ಪೆಂದು ನಾನು ಹೇಳುವುದಿಲ್ಲ, ಭಾಷೆ ಹೀಗೆಯೇ ಬದುಕುತ್ತದೆ. ಆದರೆ ಕೈಫೋನು ಬಂದಂದಿನಿಂದ ಭಕ್ತರಲ್ಲಿ ಬೆಳೆದಿರುವ ಒಂದು ರೂಢಿಯನ್ನು ಮಾತ್ರ ಹೇಳಲೇಬೇಕು. ಅನೇಕರು ತಮ್ಮ ಫೋನಿನ ಕರೆಗಂಟೆಯಾಗಿ ವಚನವನ್ನೇ ಇಟ್ಟುಕೊಂಡಿದ್ದಾರೆ. ಭಕ್ತಿಯಿಂದಲೇ ಇಟ್ಟುಕೊಂಡಿದ್ದಾರೆ, ಸಂದೇಹವಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಒಮ್ಮೊಮ್ಮೆ ಅನುಭಾವ ಗೋಷ್ಠಿಯ ನಡುವೆಯೂ ವಚನದ ಮೊದಲ ಸಾಲು ಮೊಳಗುತ್ತದೆ. ಎರಡನೆಯ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಫೋನಿನವರು ‘ಹಲೋ’ ಎನ್ನುತ್ತಾರೆ. ವಚನದ ಅಂಕಿತವಿರುವುದು ಕೊನೆಯಲ್ಲಿ. ಕೂಡಲಸಂಗಮದೇವನೋ ಚೆನ್ನಮಲ್ಲಿಕಾರ್ಜುನನೋ ಗುಹೇಶ್ವರನೋ, ಯಾರನ್ನು ಉದ್ದೇಶಿಸಿ ಆ ಮಾತೆಲ್ಲ ಹೊರಟಿತ್ತೋ ಆ ಹೆಸರು ಬರುವುದೇ ಇಲ್ಲ. ದಿನಕ್ಕೆ ಇಪ್ಪತ್ತು ಸಲ ಮೊದಲಾಗಿ ಒಂದು ಸಲವೂ ಮುಗಿಯದ ವಚನವದು. ಕರೆಯನ್ನು ಸ್ವೀಕರಿಸದೆ ಬಿಟ್ಟರೆ ಮಾತ್ರ ಅಂಕಿತದವರೆಗೆ ಹೋದೀತು!

ಹಾಗಾದರೆ ಬಾಯಿಗೆ ಅಂಟುವ ಹಾಡಿಗೆ ಕನ್ನಡದಲ್ಲಿ ಏನೆನ್ನಬೇಕು? ನನಗೆ ಹೊಳೆದುದು ‘ಗುಂಗು’. ಹಾಡಿನ ಗುಂಗು ಹಿಡಿಯಿತು ಎನ್ನುತ್ತೇವೆ, ಅದೇ ಗುಂಗಿನಲ್ಲಿದ್ದಾನೆ ಎನ್ನುತ್ತೇವೆ. ಗುಂಯ್ ಎನ್ನುವ ಸದ್ದೂ ಅದರಲ್ಲಿದೆ, ಆ ಸದ್ದು ತಲೆಯಲ್ಲಿ ಮನೆ ಮಾಡಿಕೊಂಡ ಸ್ಥಿತಿಯೂ ಇದೆ, ಒಂದು ಬಗೆಯ ಅಮಲೂ ಇದೆ. ಇಂಗ್ಲಿಷಿನ ಪದದಲ್ಲಿ ಗಂಟೆಯಿಂದ ಹಾಡಿಗೆ ಬರಲು ಕೆಲವು ಶತಮಾನಗಳು ಹಿಡಿದವು. ನಮ್ಮ ಗುಂಗಿನಲ್ಲಿ ಸದ್ದೂ ಅಂಟೂ ಒಟ್ಟಿಗೇ ಇವೆ. ಕರಿಯ ಬಣ್ಣದ, ತೊಲೆಗಳಲ್ಲಿ ರಂಧ್ರ ಕೊರೆಯುವ ಗುಂಗಿಹುಳವನ್ನು ತಾವೆಲ್ಲ ಬಲ್ಲಿರಿ. ಜರ್ಮನರು ತಲೆಯಿಂದ ಹೋಗದ ರಾಗಕ್ಕೆ ಕಿವಿಯ ಹುಳು ಎಂಬ ಅರ್ಥದ ಪದವನ್ನಿಟ್ಟಿದ್ದಾರೆ. ಇಂಗ್ಲಿಷಿನವರೂ ಅದನ್ನೇ ಅನುವಾದಿಸಿಕೊಂಡಿದ್ದಾರೆ. ಅಷ್ಟು ದೂರದ ಭಾಷೆಯವರಿಗೂ ನಮಗೂ ಈ ವಿಷಯದಲ್ಲಿ ಹುಳುವೇ ನೆನಪಾದುದು ವಿಚಿತ್ರ.

ಹುಳುವಿನ ಮಾತು ಬಂದ ಮೇಲೆ ವಚನಗಳ ಕೀಡೆ ಕುಂಡಲಿಗವನ್ನು ನೆನೆಯದೆ ಮುಂದೆ ಹೋಗಲಾಗದು. ಕುಂಡಲಿಗವೆಂಬ ಕಣಜವು ಒಂದು ಕೀಡೆಯನ್ನು ತಂದು ತನ್ನ ಮಣ್ಣಿನ ಗೂಡಿನಲ್ಲಿರಿಸಿ ಅದರ ಸುತ್ತ ಗುಂಯ್‌ಗುಡುತ್ತಿರುತ್ತದೆ. ಆ ನಾದವನ್ನೇ ಕೇಳುತ್ತ, ಅದನ್ನೇ ಧ್ಯಾನಿಸುತ್ತ ಕೀಡೆಯು ತಾನೇ ಕುಂಡಲಿಗವಾಗಿಬಿಡುತ್ತದೆ. ಗುರುಕರುಣೆಯಿಂದ ಶಿಷ್ಯನು ಗುರುವೇ ಆಗುವ ಪರಿಯನ್ನು ಹೇಳಲು ಶರಣರು ಬಳಸಿದ ದೃಷ್ಟಾಂತವಿದು. ಭ್ರಮರಕೀಟ ನ್ಯಾಯವೆಂದು ಶಾಸ್ತ್ರಕಾರರೂ ಇದನ್ನು ಬಲ್ಲರು. ಕೇಳಿ ಕೇಳಿ ಕೇಳಿದ್ದೇ ಆಗುವುದು; ಗುಂಗಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾವ ಭಾಷೆಯೂ ಸಲ್ಲಿಸಿರಲಾರದು.

ಆದರೆ ಆ ಗೂಡಿನೊಳಗೆ ನಡೆಯುವುದೇನೆಂದು ಇಂದು ನಮಗೆ ಗೊತ್ತಿದೆ. ಕಣಜವು ಹುಳುವನ್ನು ಕುಟುಕಿ ಕದಲದಂತೆ ಮಾಡಿ ತರುತ್ತದೆ, ಗೂಡಿನಲ್ಲಿ ತನ್ನ ಮೊಟ್ಟೆಯನ್ನಿಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದು ಬಂದ ಮರಿಯು ಇನ್ನೂ ಜೀವವಿರುವ ಆ ಹುಳುವನ್ನು ತಿಂದು ಬೆಳೆಯುತ್ತದೆ. ಹೊರಗೆ ಹಾರಿ ಬರುವುದು ಕಣಜದ ಮಗುವೇ ಹೊರತು ಮಾರ್ಪಟ್ಟ ಕೀಡೆಯಲ್ಲ. ಇದರಿಂದ ದೃಷ್ಟಾಂತಕ್ಕೆ ಕುಂದಾಯಿತೆಂದು ನಾನು ತಿಳಿಯುವುದಿಲ್ಲ. ಶರಣರು ಪ್ರಾಣಿಶಾಸ್ತ್ರವನ್ನು ಬೋಧಿಸಲು ಹೊರಟವರಲ್ಲ. ಅನುಭಾವದ ಸತ್ಯ ಬೇರೆ, ಗೂಡಿನ ಸತ್ಯ ಬೇರೆ. ಹಾಗಿದ್ದರೂ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಯೋಚಿಸಿದಾಗ ನನ್ನ ಪ್ರಶ್ನೆ ಹರಿತವಾಯಿತು. ತಲೆಯೊಳಗೆ ಗುಂಯ್ ಎನ್ನುತ್ತಿರುವುದು ನಮ್ಮನ್ನು ತನ್ನಂತೆ ಮಾಡಿಕೊಳ್ಳುತ್ತಿದೆಯೋ, ಒಳಗಿನಿಂದ ತಿನ್ನುತ್ತಿದೆಯೋ? ಹೊರಗಿನ ಸದ್ದು ಎರಡಕ್ಕೂ ಒಂದೇ. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯ ನಾದಕ್ಕೆ ಮೊದಲು ಇಲಿಗಳು ಹೋದವು, ಆಮೇಲೆ ಮಕ್ಕಳು ಹೋದರು. ಆ ಕಿಂದರಿ ಕಿನ್ನರಿಯ ಇನ್ನೊಂದು ಹೆಸರು. ಅಕ್ಕಸಾಲಿಗ ವೃತ್ತಿಯನ್ನು ಬಿಟ್ಟು ಕಲ್ಯಾಣದಲ್ಲಿ ತ್ರಿಪುರಾಂತಕ ದೇವರ ಮುಂದೆ ಅದನ್ನೇ ನುಡಿಸುತ್ತ ಶರಣನಾಗಿ ಬಾಳಿದವನು ಕಿನ್ನರಿ ಬೊಮ್ಮಯ್ಯ.

ಗುಂಗು ತಿನ್ನುವ ಬಗೆಯನ್ನು ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ವಿನೋದ ಕಥೆಯೊಂದರಲ್ಲಿ ಹೇಳಿದ್ದಾನೆ. ಕುದುರೆಟ್ರಾಮಿನ ಕಂಡಕ್ಟರು ಯಾವ ದರಕ್ಕೆ ಯಾವ ಬಣ್ಣದ ಚೀಟಿಗೆ ತೂತು ಹೊಡೆಯಬೇಕು ಎಂಬ ಪ್ರಾಸದ ಸಾಲುಗಳನ್ನು ಅವನು ಪತ್ರಿಕೆಯಲ್ಲಿ ಓದುತ್ತಾನೆ. ಅಂದಿನಿಂದ ಊಟವಿಲ್ಲ, ನಿದ್ರೆಯಿಲ್ಲ, ಬರವಣಿಗೆಯಿಲ್ಲ, ತಲೆಯಲ್ಲಿ ಅದೊಂದೇ. ಎರಡು ಮೂರು ದಿನಗಳ ಮೇಲೆ ತನ್ನ ಗೆಳೆಯನಾದ ಪಾದ್ರಿಯೊಡನೆ ತಿರುಗಾಟಕ್ಕೆ ಹೋದಾಗ ಅವನ ಮುಂದೆ ಅದನ್ನು ಹಾಡಿ ತಾನು ಬಿಡುಗಡೆ ಹೊಂದುತ್ತಾನೆ. ಪಾದ್ರಿಯ ಗತಿ ಕೆಡುತ್ತದೆ. ಶವಸಂಸ್ಕಾರದ ಪ್ರವಚನಕ್ಕೆಂದು ಹೋದ ಆ ಸಾಧು ಮನುಷ್ಯ ಸಾವಿನ ಮಾತನ್ನು ಚೀಟಿಯ ತಾಳದಲ್ಲಿಯೇ ಆಡುತ್ತಾನೆ. ಕೇಳುವವರ ತಲೆಗಳೂ ಅದಕ್ಕೆ ಸರಿಯಾಗಿ ತೂಗುತ್ತವೆ. ಕೊನೆಗೆ ಟ್ವೇನ್ ಅವನನ್ನು ವಿಶ್ವವಿದ್ಯಾಲಯವೊಂದಕ್ಕೆ ಕರೆದೊಯ್ದು ಬಡ ವಿದ್ಯಾರ್ಥಿಗಳ ಕಿವಿಗೆ ಆ ಭಾರವನ್ನು ಇಳಿಸುತ್ತಾನೆ. ನಗುತ್ತಲೇ ಓದಿದೆನಾದರೂ ಪ್ರವಚನದ ಭಾಗ ಬಂದಾಗ ಪ್ರವಚನ ಮಾಡುವ ನನ್ನಂತಹವರಿಗೆ ನಗು ಅಷ್ಟು ಸುಲಭವಾಗಿ ಬರಲಿಲ್ಲ. ಇದಕ್ಕೆ ಮದ್ದನ್ನೂ ಹುಡುಕಿದ್ದಾರೆ: ಅಗಿಯುವ ಗೋಂದಿನ ಮಿಠಾಯಿಯನ್ನು ಮೆಲ್ಲುತ್ತಿದ್ದರೆ ರಾಗದ ಕಾಟ ಕಡಿಮೆಯಾಗುವುದೆಂದು 2015ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಮನಸ್ಸಿನಲ್ಲಿ ಹಾಡಿಕೊಳ್ಳುವಾಗಲೂ ಬಾಯಿಯ ಚಲನೆಗೆ ಅದರಲ್ಲಿ ಪಾಲಿದೆಯಂತೆ. ಎಲೆಅಡಿಕೆಯ ನಮ್ಮ ಹಿರಿಯರ ಮೇಲೆ ಯಾರಾದರೂ ಇದನ್ನು ಪರೀಕ್ಷಿಸಬೇಕಿತ್ತು.

ಈ ವಿಚಾರವೆಲ್ಲ ನನಗೆ ಪುಸ್ತಕದಿಂದ ಹತ್ತಿದ್ದಲ್ಲ. ನನ್ನ ತಾಯಿ ತಮ್ಮ ಕೊನ���ಯ ನಾಲ್ಕು ವರ್ಷಗಳನ್ನು ಮರೆವಿನ ಕಾಯಿಲೆಯಲ್ಲಿ ಕಳೆದರು. ಮೊದಲು ದಿನಗಳು ಹೋದವು, ಆಮೇಲೆ ಊರುಗಳು, ಆಮೇಲೆ ಮನುಷ್ಯರ ಹೆಸರುಗಳು. ಊರಿಗೆ ಹೋಗಿ ಎದುರು ಕುಳಿತರೆ ನನ್ನನ್ನು ನೋಡಿ, “ಯಾರಪಾ ನೀನು? ಊಟಾ ಆತೇನು?” ಎನ್ನುತ್ತಿದ್ದರು. ಮೊದಲನೆಯ ಪ್ರಶ್ನೆ ನನ್ನನ್ನು ಇರಿಯುತ್ತಿತ್ತು. ಎರಡನೆಯದು ಅವರು ಇನ್ನೂ ಅವರೇ ಎಂದು ಹೇಳುತ್ತಿತ್ತು. ಇಂತಹ ಕಾಯಿಲೆಯಲ್ಲಿ ಮಾತಿನ ನೆನಪು ಅಳಿದ ಮೇಲೂ ಹಾಡಿನ ನೆನಪು ಬಹುಕಾಲ ಉಳಿಯುವುದುಂಟೆಂದು ವೈದ್ಯರು ಹೇಳಿದರು. ಅದು ನಿಜವಾಯಿತು. ಅವರಲ್ಲಿ ವಚನಗಳು ಉಳಿದವು. ಜೊತೆಗೆ, 1980ರ ದಶಕದಲ್ಲಿ ದೂರದರ್ಶನದಲ್ಲಿ ದಿನವೂ ಬರುತ್ತಿದ್ದ ನಿರ್ಮಾ ಪುಡಿಯ ಹಾಡೂ ಉಳಿಯಿತು. ಹಿಂದಿ ಬಾರದ ನನ್ನ ತಾಯಿಗೆ ಆ ಹಾಡು ಪೂರ್ತಿ ಬರುತ್ತಿತ್ತು.

ಅವರಿಗೆ ಎರಡರ ನಡುವೆ ಗೋಡೆ ಇರಲಿಲ್ಲ. ಅಕ್ಕಮಹಾದೇವಿಯ ವಚನ ಹಾಡುತ್ತಿದ್ದವರು ನಡುವೆ ಉಸಿರು ತೆಗೆದುಕೊಂಡು ಪುಡಿಯ ಹಾಡಿಗೆ ಹೋಗುತ್ತಿದ್ದರು. ಪೂಜೆಯ ಹೊತ್ತಿನಲ್ಲಿ, ಬಂದವರ ಎದುರಿನಲ್ಲಿ ಹೀಗಾದಾಗ ನನ್ನ ತಂಗಿಗೆ ಸಂಕೋಚ. “ಯವ್ವಾ, ಅದನ್ನ ಬಿಡು, ವಚನಾ ಅನ್ನು” ಎಂದು ತಿದ್ದುತ್ತಿದ್ದಳು. ತಿದ್ದಿದರೆ ಎರಡೂ ನಿಂತುಹೋಗುತ್ತಿದ್ದವು. ಆಗ ಅವರ ಮುಖದಲ್ಲಿ ಕಾಣುತ್ತಿದ್ದ ಗಾಬರಿ ನೋಡಲಾಗದಂತಹದು. ಕತ್ತಲೆಯಲ್ಲಿ ಹಿಡಿದು ನಡೆಯುತ್ತಿದ್ದ ಹಗ್ಗ ಕೈಬಿಟ್ಟವರಂತೆ ಆಗುತ್ತಿದ್ದರು. ಹಾಗಾಗಿ ತಿದ್ದುವುದನ್ನು ಬಿಟ್ಟೆವು. ಅವರು ಹಾಡಿದ್ದನ್ನು ಹಾಡಲಿ ಎಂದುಕೊಂಡೆವು. ಆಗ ಗಮನಿಸಿದ ಒಂದು ಸಂಗತಿಯೆಂದರೆ ಪುಡಿಯ ಹಾಡು ಕೊನೆಯಾದರೆ ಮತ್ತೆ ಮೊದಲಿಗೇ ಹೋಗುತ್ತಿತ್ತು, ಗಾಣದ ಎತ್ತಿನಂತೆ. ವಚನವು ಅಂಕಿತದ ಬಳಿ ನಿಲ್ಲುತ್ತಿತ್ತು. ಅಲ್ಲಿ ಅವರು ಕೈ ಮುಗಿಯುತ್ತಿದ್ದರು. ಅರ್ಥ ತಿಳಿದು ಮುಗಿದರೋ, ಕೈಗೆ ರೂಢಿಯಾದುದರಿಂದ ಮುಗಿದರೋ ನಾನು ಹೇಳಲಾರೆ. ಕೈಯಂತೂ ಮುಗಿಯುತ್ತಿತ್ತು.

ಜಂಗಿನ ಮಾತನ್ನು ಈಗ ಹೇಳುತ್ತೇನೆ. ತಂಗಿಯ ಮೊಮ್ಮಗಳು, ಆಗಿನ್ನೂ ನಾಲ್ಕು ವರ್ಷದವಳು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಮನೆಯ ತುಂಬ ಓಡಾಡುತ್ತಿದ್ದಳು. ಅವಳು ಪಡಸಾಲೆಯಿಂದ ಅಂಗಳಕ್ಕೆ ಓಡಿದ ಒಂದು ಬೆಳಿಗ್ಗೆ ನಮ್ಮ ತಾಯಿ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋದರು. ಡಬ್ಬಿಯಿಂದ ಬಟ್ಟಲಿನಲ್ಲಿ ಜೋಳದ ಹಿಟ್ಟು ತುಂಬಿಕೊಂಡು ಬಾಗಿಲಿಗೆ ಬಂದು ನಿಂತರು.

“ಯಾರೂ ಬಂದಿಲ್ಲವ್ವಾ, ಕುಂದರ ಬಾ” ಎಂದಳು ತಂಗಿ.

“ಐನಾರು ಬಂದಾರ. ಜಂಗು ಕೇಳಿಸಲಿಲ್ಲೇನ ನಿನಗ? ನಿಂದರಸಬಾರದವ್ವಾ ಅವರನ್ನ.”

ಅಷ್ಟು ಉದ್ದದ ಮಾತನ್ನು ಅವರು ಆಡಿ ತಿಂಗಳುಗಳಾಗಿದ್ದವು. ಆಮೇಲೆ ಇದು ದಿನದ ಮಾತಾಯಿತು. ಗೆಜ್ಜೆ ಕೇಳಿಸುವುದು, ಅವರು ಏಳುವುದು, ಹಿಟ್ಟು, ಬಾಗಿಲು. ಮಗುವಿನ ಗೆಜ್ಜೆಯನ್ನು ತೆಗೆದಿಡೋಣ, ಬಿದ್ದಾರು ಎಂದು ಮನೆಯಲ್ಲಿ ಒಬ್ಬರು ಹೇಳಿದರು. ಆ ಮಾತಿನಲ್ಲಿ ನ್ಯಾಯವಿತ್ತು. ತಂಗಿ ಒಪ್ಪಲಿಲ್ಲ; ತಾನೇ ಅವರ ರಟ್ಟೆ ಹಿಡಿದು ಬಾಗಿಲವರೆಗೆ ಬರತೊಡಗಿದಳು. ಹೊರಗೆ ನಿಂತಿರುತ್ತಿದ್ದ ಮಗುವು ಲಂಗದ ಉಡಿಯನ್ನೊಡ್ಡಿ ಹಿಟ್ಟನ್ನು ನೀಡಿಸಿಕೊಳ್ಳುತ್ತಿತ್ತು, ಹಿಂಬಾಗಿಲಿನಿಂದ ಬಂದು ಡಬ್ಬಿಗೆ ಸುರಿಯುತ್ತಿತ್ತು. ಅರ್ಧ ಹಿಟ್ಟು ನೆಲದ ಮೇಲೆ. ಅದಕ್ಕೆ ಅದು ಆಟ. ನಮ್ಮ ತಾಯಿಗೆ ಆಟವಾಗಿರಲಿಲ್ಲ. ನೀಡಿ ಬಂದ ಮೇಲೆ ಅವರ ಮುಖ ಬಹಳ ಹೊತ್ತು ತಿಳಿಯಾಗಿರುತ್ತಿತ್ತು.

ಪುಡಿಯ ಹಾಡು ಅಷ್ಟು ವರ್ಷ ಅವರೊಳಗಿದ್ದು ಅವರಿಂದ ಏನನ್ನು ಮಾಡಿಸಿತು ಎಂದು ಯೋಚಿಸಿದ್ದೇನೆ. ಒಂದು ಕಾಲಕ್ಕೆ ಒಂದಷ್ಟು ಪೊಟ್ಟಣಗಳನ್ನು ಕೊಳ್ಳಿಸಿರಬಹುದು. ಕೊಳ್ಳುವ ಶಕ್ತಿ ಹೋದ ಮೇಲೆ ಅದು ಬರಿಯ ತಿರುಗಾಟವಾಗಿ ಉಳಿಯಿತು. ಆದರೂ ನಾನದನ್ನು ಹಳಿಯಲಾರೆ. ಹಗ್ಗದ ಒಂದು ಎಳೆಯಾಗಿ ಅದೂ ಅವರ ಕೈಯಲ್ಲಿತ್ತು. ವಚನವು ಅವರ ಕೈಗಳನ್ನು ಜೋಡಿಸಿತು. ಜಂಗು ಎಂಬುದಕ್ಕೆ ಹಾಡೂ ಇಲ್ಲ, ಮಾತೂ ಇಲ್ಲ, ಬರಿಯ ಲೋಹದ ಸದ್ದು. ಎದ್ದು ನಿಲ್ಲಲಾರದವರನ್ನು ಅದು ಎಬ್ಬಿಸಿ ಹಿಟ್ಟಿನ ಡಬ್ಬಿಯ ಕಡೆಗೆ ನಡೆಸಿತು. ಅವರಿಗೆ ಹೆಸರುಗಳು ಮರೆತಿದ್ದವು, ದಾಸೋಹ ಮರೆತಿರಲಿಲ್ಲ.

ನಮ್ಮ ಮಠದಲ್ಲಿ ಭಾನುವಾರಗಳಂದು ಮಕ್ಕಳಿಗೆ ವಚನಗಳನ್ನು ಕಲಿಸುವಾಗ ರಾಗ ಹಾಕಿ ಕಲಿಸಬೇಕೋ, ಮಾತಿನಂತೆ ಓದಿಸಿ ಕಲಿಸಬೇಕೋ ಎಂಬ ಚರ್ಚೆ ಆಗಾಗ ಏಳುತ್ತದೆ. ರಾಗ ಹಾಕಿದರೆ ಮಕ್ಕಳು ರಾಗವನ್ನಷ್ಟೇ ಹಿಡಿಯುತ್ತವೆ, ಅರ್ಥ ಜಾರುತ್ತದೆ ಎಂಬುದು ಕೆಲವು ಹಿರಿಯರ ವಾದ. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಾಡದೆ ಇದ್ದಿದ್ದರೆ ಈ ವಾದ ಮಾಡುವವರಿಗೇ ಎಷ್ಟು ವಚನಗಳು ನೆನಪಿರುತ್ತಿದ್ದವು ಎಂದು ಕೇಳುವ ಆಸೆಯಾಗುತ್ತದೆ. ಮನಸೂರರು ಹಾಡಿದಾಗ ಒಂದೊಂದು ಶಬ್ದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ರಾಗವು ಮಾತಿನ ಮೇಲೆ ಹರಿದುಹೋಗುವುದಿಲ್ಲ. ಹಾಡಿಸುವ ಅಕ್ಕನವರಿಗೆ ನಾನು ಕೇಳಿಕೊಂಡಿರುವುದು ಒಂದೇ: ಸಮಯ ಸಾಲದಿದ್ದರೆ ವಚನಗಳ ಸಂಖ್ಯೆಯನ್ನು ಕಡಿಮೆ ಮಾಡಿರಿ, ಅಂಕಿತದವರೆಗೆ ಹೋಗದೆ ಯಾವುದನ್ನೂ ನಿಲ್ಲಿಸಬೇಡಿರಿ.

ಕಳೆದ ತಿಂಗಳು ಎಂಟು ವರ್ಷದ ಹುಡುಗನೊಬ್ಬ ಎದ್ದು ನಿಂತು ಬಸವಣ್ಣನವರ ವಚನವೊಂದನ್ನು ಚಾಕೊಲೇಟಿನ ಜಾಹೀರಾತಿನ ಧಾಟಿಯಲ್ಲಿ ಹಾಡತೊಡಗಿದನು. ಬೇಕೆಂದು ಮಾಡಿದ್ದಲ್ಲ, ಆ ದಿನ ಅವನಿಗೆ ಅದರ ಗುಂಗು ಹಿಡಿದಿತ್ತು. ಮಕ್ಕಳೆಲ್ಲ ನಕ್ಕರು, ಹಿರಿಯರೊಬ್ಬರು ಎದ್ದು ನಿಂತರು, ಅಕ್ಕನವರು ಕೈಸನ್ನೆಯಿಂದ ಅವರನ್ನು ಕೂಡಿಸಿದರು. ಎರಡು ಸಾಲುಗಳವರೆಗೆ ಮಾತೂ ಧಾಟಿಯೂ ಚೆನ್ನಾಗಿಯೇ ಹೊಂದಿಕೊಂಡವು. ಮೂರನೆಯದಕ್ಕೆ ಬರುವಷ್ಟರಲ್ಲಿ ಧಾಟಿ ಮುಗಿದುಹೋಯಿತು. ವಚನ ಇನ್ನೂ ಉಳಿದಿತ್ತು. ಹುಡುಗನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಉಳಿದುದನ್ನು ರಾಗವಿಲ್ಲದೆ, ಮಾತಿನಲ್ಲಿ, ಒಂದೊಂದೇ ಶಬ್ದವನ್ನು ನೆನಪಿಸಿಕೊಳ್ಳುತ್ತ ಹೇಳಿ, ಕೂಡಲಸಂಗಮದೇವಾ ಎಂಬಲ್ಲಿಗೆ ಬಂದು ಕುಳಿತುಕೊಂಡನು.